ಭಾರಿ ವೈಜ್ಞಾನಿಕ ಲೆಕ್ಕಗಳಿಗೆ ಲ್ಯಾಪ್‌ಟಾಪ್: ಕೊಳ್ಳುವ ಮೊದಲು ಏನು ಅಳೆಯಬೇಕು, ಕೊಂಡ ಮೇಲೆ ಏನು ಪರೀಕ್ಷಿಸಬೇಕು

ಅಂಗಡಿಯ ಚೀಟಿಯಲ್ಲಿ ಪ್ರೊಸೆಸರ್ ಹೆಸರು, ರ‍್ಯಾಮ್ ಎಷ್ಟು ಜಿಬಿ, ಗ್ರಾಫಿಕ್ಸ್ ಕಾರ್ಡ್ ಯಾವುದು ಎಂದು ಬರೆದಿರುತ್ತದೆ. ಆದರೆ ರಾತ್ರಿಯಿಡೀ ಓಡುವ ಸಿಮ್ಯುಲೇಶನ್ ಬೆಳಗ್ಗೆ ಆರಕ್ಕೆ ಮುಗಿಯುತ್ತದೋ ಮಧ್ಯಾಹ್ನ ಎರಡಕ್ಕೋ ಎಂಬುದನ್ನು ನಿರ್ಧರಿಸುವ ಸಂಗತಿಗಳು ಆ ಚೀಟಿಯಲ್ಲಿ ಇರುವುದಿಲ್ಲ. ರ‍್ಯಾಮ್ ಒಂದು ಕಡ್ಡಿಯಲ್ಲಿ (ಮಾಡ್ಯೂಲ್) ಇದೆಯೋ ಎರಡರಲ್ಲೋ, ಪ್ರೊಸೆಸರ್‌ಗೆ ಬಿಡುವಿಲ್ಲದೆ ಎಷ್ಟು ವ್ಯಾಟ್ ಸಿಗುತ್ತದೆ, ಗ್ರಾಫಿಕ್ಸ್ ಕಾರ್ಡ್‌ಗೆ ಎಷ್ಟು ಜಿಬಿ ಸ್ವಂತ ಮೆಮೊರಿ ಇದೆ ಎನ್ನುವುದನ್ನು ನಾವೇ ಕೇಳಿ ತಿಳಿಯಬೇಕು. ಅದಕ್ಕೂ ಮೊದಲು, ನಮ್ಮ ಲೆಕ್ಕ ಎಲ್ಲಿ ಸಿಕ್ಕಿಬೀಳುತ್ತಿದೆ ಎಂಬುದು ನಮಗೆ ಗೊತ್ತಿರಬೇಕು. ಅದು ಗೊತ್ತಿಲ್ಲದೆ ಸುರಿದ ಹಣದ ಬಹುಪಾಲು ವ್ಯರ್ಥ.

ಹಂತ 1: ಈಗಿರುವ ಯಂತ್ರದಲ್ಲೇ ನಿಮ್ಮ ಲೆಕ್ಕವನ್ನು ಅಳೆಯಿರಿ

ನೀವು ದಿನವೂ ಓಡಿಸುವ ಪ್ರೋಗ್ರಾಮಿನ ಚಿಕ್ಕದೊಂದು, ಆದರೆ ನಿಜವಾದ ಕೇಸ್ ತೆಗೆದುಕೊಳ್ಳಿ. ಹಳೆಯ ಲ್ಯಾಪ್‌ಟಾಪ್ ಆಗಲಿ, ಪ್ರಯೋಗಾಲಯದ ಡೆಸ್ಕ್‌ಟಾಪ್ ಆಗಲಿ, ಅದರ ಮೇಲೆ ಹತ್ತು ಹದಿನೈದು ನಿಮಿಷ ಓಡುವಷ್ಟಿದ್ದರೆ ಸಾಕು. ಇದರಿಂದ ಎರಡು ಅಳತೆಗಳು ಬೇಕು.

ಮೊದಲನೆಯದು, ಗರಿಷ್ಠ ಎಷ್ಟು ಮೆಮೊರಿ ತಿಂದಿತು ಎಂಬುದು. ಲಿನಕ್ಸ್‌ನಲ್ಲಿ ‘ಟೈಮ್’ ಪ್ರೋಗ್ರಾಮನ್ನು ವಿವರ ತೋರಿಸುವ ಆಯ್ಕೆಯೊಂದಿಗೆ ಓಡಿಸಿದರೆ ಕೊನೆಯಲ್ಲಿ ‘ಮ್ಯಾಕ್ಸಿಮಮ್ ರೆಸಿಡೆಂಟ್ ಸೆಟ್ ಸೈಜ್’ ಎಂಬ ಸಾಲು ಕಿಲೋಬೈಟ್‌ನಲ್ಲಿ ಬರುತ್ತದೆ. ಶೆಲ್‌ನ ಒಳಗೇ ಇರುವ ಅದೇ ಹೆಸರಿನ ಆದೇಶ ಇದನ್ನು ತೋರಿಸುವುದಿಲ್ಲ. ಪೂರ್ತಿ ವಿಳಾಸ ಕೊಟ್ಟು ಹೊರಗಿನ ಪ್ರೋಗ್ರಾಮನ್ನೇ ಕರೆಯಬೇಕು. ಎಂಪಿಐನಲ್ಲಿ (ಒಂದು ಲೆಕ್ಕವನ್ನು ಹಲವು ಪ್ರಕ್ರಿಯೆಗಳಿಗೆ ಹಂಚುವ ವ್ಯವಸ್ಥೆ) ಹಲವು ಪ್ರಕ್ರಿಯೆಗಳಾಗಿ ಓಡುವ ಪ್ರೋಗ್ರಾಮಾದರೆ ಅಲ್ಲಿ ಸಿಗುವುದು ಅತಿ ದೊಡ್ಡ ಒಂದು ಪ್ರಕ್ರಿಯೆಯ ಅಳತೆ ಮಾತ್ರ. ಅದನ್ನು ಪ್ರಕ್ರಿಯೆಗಳ ಸಂಖ್ಯೆಯಿಂದ ಗುಣಿಸಿ. ವಿಂಡೋಸ್‌ನಲ್ಲಾದರೆ ಟಾಸ್ಕ್ ಮ್ಯಾನೇಜರ್ ವಿವರಗಳ ಪಟ್ಟಿಯಲ್ಲಿ ‘ಪೀಕ್ ವರ್ಕಿಂಗ್ ಸೆಟ್’ ಕಾಲಂ ಸೇರಿಸಿಕೊಂಡರೆ ಇದೇ ಸಂಖ್ಯೆ ಕಾಣುತ್ತದೆ.

ಎರಡನೆಯದು, ಅದೇ ಕೇಸನ್ನು ಪ್ರೊಸೆಸರ್‌ನ 1, 2, 4, 8 ಕೋರ್‌ಗಳಲ್ಲಿ (ಸ್ವತಂತ್ರವಾಗಿ ಲೆಕ್ಕ ಮಾಡುವ ಭಾಗಗಳಲ್ಲಿ) ಓಡಿಸಿ ಬಂದ ಸಮಯ. ಒಂದು ಕೋರ್‌ನಲ್ಲಿ 100 ನಿಮಿಷ, ಎರಡರಲ್ಲಿ 53, ನಾಲ್ಕರಲ್ಲಿ 31, ಎಂಟರಲ್ಲಿ 27 ನಿಮಿಷ ಬಂದಿತು ಎಂದಿಟ್ಟುಕೊಳ್ಳಿ. ನಾಲ್ಕರಿಂದ ಎಂಟಕ್ಕೆ ಹೋದಾಗ ಕೋರ್‌ಗಳು ಇಮ್ಮಡಿಯಾದರೂ ಉಳಿದದ್ದು ನಾಲ್ಕೇ ನಿಮಿಷ. ಕೋರ್‌ಗಳು ಡೇಟಾಕ್ಕಾಗಿ ಕಾಯುತ್ತಿವೆ, ಅಂದರೆ ತಡೆ ಇರುವುದು ಮೆಮೊರಿಯ ವೇಗದಲ್ಲಿ ಎಂಬುದಕ್ಕೆ ಇದು ಬಲವಾದ ಸುಳಿವು. ಇಂಥ ಕೆಲಸಕ್ಕೆ 24 ಕೋರ್‌ನ ಯಂತ್ರ ಕೊಂಡರೂ 8 ಕೋರ್‌ಗಿಂತ ಹೆಚ್ಚೇನೂ ಸಿಗದು. ಬದಲಿಗೆ 100, 51, 26, 14 ಎಂದು ಬಂದಿದ್ದರೆ ಕೋರ್‌ಗಳಿಗೆ ಹಣ ಹಾಕುವುದು ಸರಿ. ಎರಡು ಕೋರ್‌ಗೆ ಹೋದರೂ ಸಮಯ ಇಳಿಯದಿದ್ದರೆ ನಿಮ್ಮ ಪ್ರೋಗ್ರಾಮ್ ಸಮಾಂತರವಾಗಿ ಓಡುತ್ತಲೇ ಇಲ್ಲ. ಆಗ ಒಂದು ಕೋರ್‌ನ ವೇಗವೇ ಎಲ್ಲ. ಪೈಥಾನ್‌ನಲ್ಲಿ ಸರಳ ಲೂಪ್ ಬರೆದಿರುವವರು ಹೊಸ ಲ್ಯಾಪ್‌ಟಾಪ್‌ಗೆ ಮೊದಲು ನಂಬಾ ಅಥವಾ ನಂಪೈ ಎಂಬ, ಲೆಕ್ಕ ವೇಗವಾಗಿಸುವ ಪೈಥಾನ್ ಲೈಬ್ರರಿ ಬಳಸಿ ಅದನ್ನು ತಿದ್ದಿ ನೋಡುವುದು ಒಳ್ಳೆಯದು. ಅಲ್ಲಿ ಸಿಗುವ ಹತ್ತಾರು ಪಟ್ಟು ವೇಗವನ್ನು ಯಾವ ಪ್ರೊಸೆಸರೂ ಕೊಡದು.

ಹಂತ 2: ರ‍್ಯಾಮ್ ಎಷ್ಟು ಬೇಕು, ಲೆಕ್ಕ ಹಾಕಿಯೇ ತಿಳಿಯಿರಿ

ಡಬಲ್ ಪ್ರಿಸಿಷನ್ (ಹೆಚ್ಚು ನಿಖರತೆಯ) ಸಂಖ್ಯೆ ಒಂದಕ್ಕೆ 8 ಬೈಟ್. ಕಾಂಪ್ಲೆಕ್ಸ್ ಆದರೆ 16. ಇಷ್ಟು ಗೊತ್ತಿದ್ದರೆ ಉಳಿದದ್ದು ಬರೀ ಗುಣಾಕಾರ. 20,000 × 20,000 ಅಳತೆಯ ತುಂಬಿದ ಮ್ಯಾಟ್ರಿಕ್ಸ್ 3.2 ಜಿಬಿ. 50,000 × 50,000 ಆದರೆ 20 ಜಿಬಿ. ಐಗನ್ ಮೌಲ್ಯಗಳ ಜೊತೆ ಐಗನ್ ವೆಕ್ಟರ್‌ಗಳೂ ಬೇಕೆಂದರೆ ಮೂಲ ಮ್ಯಾಟ್ರಿಕ್ಸ್, ಫಲಿತಾಂಶ, ನಡುವಿನ ಕೆಲಸದ ಜಾಗ ಎಲ್ಲ ಸೇರಿ ಮೂರು ನಾಲ್ಕು ಪಟ್ಟು ಹಿಡಿಯಬೇಕು. ಇಲ್ಲೊಂದು ಸ್ವಾರಸ್ಯವಿದೆ. 50,000 ಅಳತೆಯ ಮ್ಯಾಟ್ರಿಕ್ಸ್‌ನ ಎಲ್‌ಯು ವಿಭಜನೆಗೆ (ಸಮೀಕರಣ ಬಿಡಿಸಲು ಅದನ್ನು ಎರಡು ತ್ರಿಕೋನ ಮ್ಯಾಟ್ರಿಕ್ಸ್‌ಗಳಾಗಿ ಒಡೆಯುವುದು) ಸುಮಾರು 83 ಲಕ್ಷ ಕೋಟಿ ಕ್ರಿಯೆಗಳು ಬೇಕು. ಸೆಕೆಂಡಿಗೆ 30,000 ಕೋಟಿ ಕ್ರಿಯೆ ಮಾಡುವ ಒಳ್ಳೆಯ ಲ್ಯಾಪ್‌ಟಾಪ್ ಇದನ್ನು ಐದು ನಿಮಿಷದೊಳಗೆ ಮುಗಿಸುತ್ತದೆ. ಆದರೆ 16 ಜಿಬಿ ಯಂತ್ರದಲ್ಲಿ ಆ ಮ್ಯಾಟ್ರಿಕ್ಸ್ ಕೂರುವುದೇ ಇಲ್ಲ. ಸಮಯಕ್ಕಿಂತ ಮೊದಲು ಜಾಗವೇ ಮುಗಿಯುತ್ತದೆ.

ಮೂರು ಆಯಾಮದ ಜಾಲರಿಯಾದರೆ, ಪ್ರತಿ ದಿಕ್ಕಿಗೆ 512 ಬಿಂದುಗಳಿದ್ದಾಗ ಒಂದು ಚರಕ್ಕೆ ಸುಮಾರು 1 ಜಿಬಿ. ಪ್ರತಿ ದಿಕ್ಕಿನಲ್ಲೂ ಇಮ್ಮಡಿ ಮಾಡಿದರೆ 8 ಜಿಬಿ. ವೇಗದ ಮೂರು ಘಟಕ, ಒತ್ತಡ, ಉಷ್ಣತೆ, ಹಿಂದಿನ ಹೆಜ್ಜೆಯ ಪ್ರತಿಗಳು ಎಂದು ಹದಿನೈದು ಇಪ್ಪತ್ತು ಚರಗಳಾಗುವುದು ಮಾಮೂಲು. ಹಿಂದಿನ ಹೆಜ್ಜೆಯ ಮೌಲ್ಯಗಳಿಂದಲೇ ಮುಂದಿನದನ್ನು ಲೆಕ್ಕ ಹಾಕುವ ಸ್ಪಷ್ಟ (ಎಕ್ಸ್‌ಪ್ಲಿಸಿಟ್) ವಿಧಾನದಲ್ಲಿ ಕಾಲದ ಹೆಜ್ಜೆಯೂ ಅರ್ಧವಾಗುವುದರಿಂದ ಮೆಮೊರಿ 8 ಪಟ್ಟಾದರೆ ಸಮಯ 16 ಪಟ್ಟಾಗುತ್ತದೆ. ಓಪನ್‌ಫೋಮ್‌ನಂಥ ದ್ರವಗತಿಯ ಪ್ರೋಗ್ರಾಮಿನಲ್ಲಿ ಸರಳ ಹರಿವಿಗೆ ಹತ್ತು ಲಕ್ಷ ಕೋಶಗಳಿಗೆ 1ರಿಂದ 2 ಜಿಬಿ ಎಂದು ಹಿಡಿದರೆ ಹೆಚ್ಚು ತಪ್ಪಾಗದು. ಫೈನೈಟ್ ಎಲಿಮೆಂಟ್‌ನಲ್ಲಿ ನೇರ ಸಾಲ್ವರ್ ಬಳಸಿದರೆ ಮಾತ್ರ ಈ ಅಂದಾಜು ಮುರಿದುಬೀಳುತ್ತದೆ: ವಿಭಜನೆಯ ಹೊತ್ತಿಗೆ ಸೊನ್ನೆಗಳಿದ್ದ ಜಾಗಗಳೆಲ್ಲ ತುಂಬಿಕೊಂಡು ಮೆಮೊರಿ ಹಲವು ಪಟ್ಟು ಉಬ್ಬುತ್ತದೆ.

ಕ್ವಾಂಟಮ್ ರಸಾಯನದವರ ಕಷ್ಟ ಬೇರೆಯೇ. ಎರಡು ಎಲೆಕ್ಟ್ರಾನ್ ಇಂಟಿಗ್ರಲ್‌ಗಳ ಸಂಖ್ಯೆ, ಎಲೆಕ್ಟ್ರಾನ್‌ಗಳನ್ನು ವರ್ಣಿಸಲು ಬಳಸುವ ಬೇಸಿಸ್ ಫಂಕ್ಷನ್‌ಗಳ ನಾಲ್ಕನೇ ಘಾತಕ್ಕೆ ಏರುತ್ತದೆ. 500 ಫಂಕ್ಷನ್‌ಗಳಿಗೆ ಸಮಮಿತಿ ಬಳಸಿದ ಮೇಲೂ ಸುಮಾರು 62 ಜಿಬಿ. 1000ಕ್ಕೆ 1 ಟೆರಾಬೈಟ್.

ಹಂತ 1ರಲ್ಲಿ ಅಳೆದ ಸಂಖ್ಯೆಯನ್ನು ನಿಮ್ಮ ಅತಿ ದೊಡ್ಡ ಕೇಸಿಗೆ ಹಿಗ್ಗಿಸಿ, ಅದರ ಮೇಲೆ ಅರ್ಧದಷ್ಟು ಸೇರಿಸಿ. ಬ್ರೌಸರ್, ಎಡಿಟರ್, ಚಿತ್ರ ಬಿಡಿಸುವ ಪ್ರೋಗ್ರಾಮ್ ಎಲ್ಲ ಅದೇ ರ‍್ಯಾಮ್‌ನಲ್ಲೇ ಬದುಕಬೇಕಲ್ಲ. ಇವತ್ತಿನ ಮಟ್ಟಿಗೆ ಗಂಭೀರ ಲೆಕ್ಕದವರಿಗೆ 32 ಜಿಬಿ ಕನಿಷ್ಠ, 64 ನೆಮ್ಮದಿ. ರ‍್ಯಾಮ್ ತುಂಬಿದಾಗ ಪ್ರೋಗ್ರಾಮ್ ಸಾಮಾನ್ಯವಾಗಿ ತಕ್ಷಣ ಸಾಯುವುದಿಲ್ಲ. ಡಿಸ್ಕ್‌ನ ಸ್ವಾಪ್ ಜಾಗಕ್ಕೆ ಇಳಿದು, ಹತ್ತು ನಿಮಿಷದ ಕೆಲಸಕ್ಕೆ ಗಂಟೆಗಟ್ಟಲೆ ತೆಗೆದುಕೊಳ್ಳುತ್ತಾ ತೆವಳುತ್ತದೆ. ಆಮೇಲೆ ಸ್ವಾಪ್ ಕೂಡ ತುಂಬಿದರೆ ಲಿನಕ್ಸ್ ಅದನ್ನು ಸದ್ದಿಲ್ಲದೆ ಕೊಂದು ಹಾಕುತ್ತದೆ. ‘ಪ್ರೋಗ್ರಾಮ್ ತಾನಾಗಿ ನಿಂತುಹೋಯಿತು’ ಎಂಬ ದೂರುಗಳಲ್ಲಿ ಬಹಳಷ್ಟರ ಮೂಲ ಇದೇ. ಕರ್ನಲ್ ಲಾಗ್ ತೆರೆದರೆ ‘ಔಟ್ ಆಫ್ ಮೆಮೊರಿ’ ಎಂಬ ಸಾಲು ಕಾಣುತ್ತದೆ.

ಹಂತ 3: ಮೆಮೊರಿಯ ವೇಗ

ಹೆಚ್ಚಿನವರು ಎಡವುವುದು ಇಲ್ಲಿ, ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ. ಡಿಡಿಆರ್5-5600 ರ‍್ಯಾಮ್‌ನ ಒಂದು ಕಡ್ಡಿ ಸೆಕೆಂಡಿಗೆ 560 ಕೋಟಿ ಸಲ ತಲಾ 8 ಬೈಟ್ ಸಾಗಿಸುತ್ತದೆ, ಅಂದರೆ 44.8 ಜಿಬಿ. ಎರಡು ಕಡ್ಡಿ ಹಾಕಿದರೆ 89.6 ಜಿಬಿ. ಒಟ್ಟು 32 ಜಿಬಿ ಇದ್ದರೂ ಅದು 32ರ ಒಂದೇ ಕಡ್ಡಿಯಾದರೆ ಅರ್ಧ ವೇಗ ಮೊದಲ ದಿನವೇ ಕೈತಪ್ಪಿತು. 16ರ ಎರಡು ಕಡ್ಡಿಗಳಾದರೆ ಪೂರ್ತಿ ವೇಗ. ಬೆಲೆಯಲ್ಲಿ ಹೆಚ್ಚು ವ್ಯತ್ಯಾಸವಿಲ್ಲದಿದ್ದರೂ ತಯಾರಕರು ಒಂದೇ ಕಡ್ಡಿ ಹಾಕಿ ಕಳಿಸುವುದು ತೀರ ಸಾಮಾನ್ಯ.

ಇದು ಎಷ್ಟು ಕಾಡುತ್ತದೆ ಎಂಬುದಕ್ಕೆ ಒಂದು ಉದಾಹರಣೆ. ವಿರಳ (ಬಹುಪಾಲು ಸೊನ್ನೆಗಳೇ ಇರುವ) ಮ್ಯಾಟ್ರಿಕ್ಸನ್ನು ವೆಕ್ಟರ್‌ನಿಂದ ಗುಣಿಸುವ ಕೆಲಸ ದ್ರವಗತಿ, ರಚನಾ ವಿಶ್ಲೇಷಣೆ, ಹವಾಮಾನ ಮಾದರಿ ಎಲ್ಲದರ ಹೊಟ್ಟೆಯೊಳಗೂ ಇರುತ್ತದೆ. ಸೊನ್ನೆಯಲ್ಲದ ಪ್ರತಿ ಅಂಶಕ್ಕೆ ಮೌಲ್ಯದ 8 ಬೈಟ್, ಸ್ಥಾನಸೂಚಿಯ 4 ಬೈಟ್, ಒಟ್ಟು 12 ಬೈಟ್ ಓದಬೇಕು. ಅಷ್ಟು ಓದಿದ್ದಕ್ಕೆ ನಡೆಯುವುದು ಒಂದು ಗುಣಾಕಾರ, ಒಂದು ಸಂಕಲನ. 89.6 ಜಿಬಿ ವೇಗದಲ್ಲಿ ಸೆಕೆಂಡಿಗೆ ಸುಮಾರು 750 ಕೋಟಿ ಅಂಶಗಳು ಬರುತ್ತವೆ, ಅಂದರೆ 1,500 ಕೋಟಿ ಕ್ರಿಯೆಗಳು. 4 ಗಿಗಾಹರ್ಟ್ಸ್‌ನ 8 ಕೋರ್‌ಗಳು, ಗಡಿಯಾರದ (ಕ್ಲಾಕ್) ಪ್ರತಿ ಬಡಿತಕ್ಕೆ 16 ಕ್ರಿಯೆ ಮಾಡಬಲ್ಲವಾದರೆ, ಅವುಗಳ ಸಾಮರ್ಥ್ಯ 51,200 ಕೋಟಿ. ನೂರಕ್ಕೆ ಮೂರರಷ್ಟು ಮಾತ್ರ ಬಳಕೆಯಾಗುತ್ತಿದೆ. ಎಂಟು ಮಂದಿ ಬಾಣಸಿಗರು ಒಲೆ ಹಚ್ಚಿ ನಿಂತಿದ್ದರೂ ಉಗ್ರಾಣದಿಂದ ಸಾಮಾನು ತಂದುಕೊಡುವವನು ಒಬ್ಬನೇ ಆದರೆ ಊಟ ಹೇಗೆ ಬೇಗ ಏಳೀತು?

ಇಂಥ ಕೆಲಸದವರು ನೋಡಬೇಕಾದ ಸಂಖ್ಯೆ ಸೆಕೆಂಡಿಗೆ ಎಷ್ಟು ಜಿಬಿ ಎನ್ನುವುದು. ಬೋರ್ಡ್‌ಗೆ ಬೆಸೆದ ಎಲ್‌ಪಿಡಿಡಿಆರ್5ಎಕ್ಸ್-8533 ಮೆಮೊರಿ 128 ಬಿಟ್ ಅಗಲದಲ್ಲಿ 136 ಜಿಬಿ ಕೊಡುತ್ತದೆ. ಎಎಂಡಿಯ ರೈಜೆನ್ ಎಐ ಮ್ಯಾಕ್ಸ್+ 395 ಎಂಬ 16 ಕೋರ್ ಪ್ರೊಸೆಸರ್‌ಗೆ 256 ಬಿಟ್ ಅಗಲದ ದಾರಿ, 256 ಜಿಬಿ ವೇಗ, 128 ಜಿಬಿವರೆಗೆ ಮೆಮೊರಿ ಇದೆ. ಆ್ಯಪಲ್ ಎಂ4 ಪ್ರೊದಲ್ಲಿ 273 ಜಿಬಿ, ಎಂ4 ಮ್ಯಾಕ್ಸ್‌ನಲ್ಲಿ 546 ಜಿಬಿವರೆಗೆ. ಇವೆಲ್ಲದರಲ್ಲೂ ಮೆಮೊರಿಯನ್ನು ಆಮೇಲೆ ಹೆಚ್ಚಿಸಲು ಬರುವುದಿಲ್ಲ. ಕೊಳ್ಳುವ ದಿನವೇ ಕೊನೆಯ ತೀರ್ಮಾನ. ಕಡ್ಡಿ ಬದಲಿಸಬಹುದಾದ ಯಂತ್ರದಲ್ಲಿ ವೇಗ ಕಡಿಮೆ, ಆದರೆ ಎರಡು ವರ್ಷ ಬಿಟ್ಟು 32ರ ಜಾಗಕ್ಕೆ 64 ಅಥವಾ 96 ಹಾಕಿಕೊಳ್ಳುವ ಸ್ವಾತಂತ್ರ್ಯ ಉಳಿಯುತ್ತದೆ. ನಾಲ್ಕು ಸ್ಲಾಟ್ ಇರುವ ದೊಡ್ಡ ವರ್ಕ್‌ಸ್ಟೇಶನ್ ಲ್ಯಾಪ್‌ಟಾಪ್‌ಗಳಲ್ಲಿ ನಾಲ್ಕನ್ನೂ ತುಂಬಿದರೆ ರ‍್ಯಾಮ್ ಸಾಮಾನ್ಯವಾಗಿ ಕೆಳಗಿನ ವೇಗಕ್ಕೆ ಇಳಿದು ಓಡುತ್ತದೆ. ಬೇಕಾದ ಗಾತ್ರ ಎರಡರಲ್ಲೇ ಸಿಗುವುದಾದರೆ ಎರಡೇ ಸಾಕು.

ಹಂತ 4: ಪ್ರೊಸೆಸರ್‌ನ ಹೆಸರಿಗಿಂತ ಅದಕ್ಕೆ ಸಿಗುವ ವ್ಯಾಟ್ ಮುಖ್ಯ

ಹೆಸರಿನ ಕೊನೆಯ ಅಕ್ಷರ ನೋಡಿ. ‘ಯು’ ಇದ್ದರೆ ಸುಮಾರು 15 ವ್ಯಾಟ್‌ನ ತೆಳು ಯಂತ್ರಕ್ಕೆ ಮಾಡಿದ್ದು, ಭಾರಿ ಲೆಕ್ಕಕ್ಕಲ್ಲ. ‘ಎಚ್’ 45 ವ್ಯಾಟ್ ವರ್ಗ, ‘ಎಚ್‌ಎಕ್ಸ್’ 55 ವ್ಯಾಟ್ ಮತ್ತು ಅದಕ್ಕೂ ಮೇಲೆ. ಆದರೆ ಇವು ಹೆಸರಿಗೆ ಮಾತ್ರ. ಕೋರ್ ಐ9-13980ಎಚ್‌ಎಕ್ಸ್‌ನ ಮೂಲ ಮಿತಿ 55 ವ್ಯಾಟ್, ಟರ್ಬೊ (ಸ್ವಲ್ಪ ಹೊತ್ತು ಗರಿಷ್ಠ ವೇಗದಲ್ಲಿ ಓಡುವಾಗಿನ) ಮಿತಿ 157 ವ್ಯಾಟ್. ನಡುವೆ ಎಲ್ಲಿ ನಿಲ್ಲಿಸಬೇಕೆಂದು ನಿರ್ಧರಿಸುವುದು ಲ್ಯಾಪ್‌ಟಾಪ್ ತಯಾರಕರು, ಫ್ಯಾನ್ ಮತ್ತು ತಾಮ್ರದ ಕೊಳವೆಗಳ ಬಲ ನೋಡಿಕೊಂಡು. ಒಂದೇ ಪ್ರೊಸೆಸರ್ ತೆಳು ಯಂತ್ರದಲ್ಲಿ 60 ವ್ಯಾಟ್‌ನಲ್ಲಿ ಏದುಸಿರು ಬಿಡುತ್ತಾ, ದಪ್ಪ ಯಂತ್ರದಲ್ಲಿ 110 ವ್ಯಾಟ್‌ನಲ್ಲಿ ನಿರಾಳವಾಗಿ ಓಡಬಹುದು. ವಿಮರ್ಶೆ ಓದುವಾಗ ಎರಡು ನಿಮಿಷದ ಪರೀಕ್ಷೆಯ ಅಂಕಗಳನ್ನು ಬಿಟ್ಟುಬಿಡಿ. ಅರ್ಧ ಗಂಟೆ ಸತತ ಓಡಿಸಿದಾಗ ಎಷ್ಟು ವ್ಯಾಟ್‌ನಲ್ಲಿ ನೆಲೆಸಿತು ಎಂಬುದನ್ನು ಹುಡುಕಿ.

ನಮ್ಮ ಬಿಸಿಲಿಗೆ ಇನ್ನೊಂದು ಲೆಕ್ಕ ಸೇರಿಸಲೇಬೇಕು. ಚಿಪ್ 100 ಡಿಗ್ರಿ ಮುಟ್ಟಿದಾಗ ತಾನೇ ವೇಗ ತಗ್ಗಿಸುತ್ತದೆ. 25 ಡಿಗ್ರಿಯ ಕೋಣೆಯಲ್ಲಿ ಶಾಖ ಹೊರಹಾಕಲು 75 ಡಿಗ್ರಿ ಅಂತರ ಸಿಗುತ್ತದೆ. ಕಲಬುರಗಿಯಲ್ಲೋ ರಾಯಚೂರಿನಲ್ಲೋ ಮೇ ತಿಂಗಳಲ್ಲಿ ಎಸಿ ಇಲ್ಲದ 38 ಡಿಗ್ರಿಯ ಕೋಣೆಯಲ್ಲಿ 62 ಮಾತ್ರ. ಹೊರದೇಶದ ವಿಮರ್ಶಕರು 90 ವ್ಯಾಟ್ ಕಂಡ ಯಂತ್ರ ಅಲ್ಲಿ ಸುಮಾರು 74 ವ್ಯಾಟ್‌ಗೆ ಇಳಿಯುತ್ತದೆ. ಎಸಿ ಇಲ್ಲದ ಹಾಸ್ಟೆಲ್‌ನಲ್ಲಿ ಓಡಿಸುವವರು ತೆಳು ಯಂತ್ರದ ಆಸೆ ಬಿಡುವುದೇ ವಾಸಿ.

ಕೋರ್ ಎಣಿಕೆಯಲ್ಲೂ ಒಂದು ಬಲೆ ಇದೆ. ಇಂಟೆಲ್‌ನ ಕೋರ್ ಐ7-13650ಎಚ್‌ಎಕ್ಸ್ ‘14 ಕೋರ್’ ಎಂದರೆ 6 ದೊಡ್ಡ ಕೋರ್, 8 ಚಿಕ್ಕ ಕೋರ್. ಓಪನ್‌ಎಂಪಿ (ಒಂದೇ ಪ್ರೋಗ್ರಾಮನ್ನು ಹಲವು ಕೋರ್‌ಗಳಿಗೆ ಹಂಚುವ ವ್ಯವಸ್ಥೆ) ಬಳಸುವ ಪ್ರೋಗ್ರಾಮ್ ಕೆಲಸವನ್ನು ಸಮಾನವಾಗಿ ಹದಿನಾಲ್ಕು ಪಾಲು ಮಾಡಿದರೆ ದೊಡ್ಡ ಕೋರ್‌ಗಳು ಬೇಗ ಮುಗಿಸಿ, ಚಿಕ್ಕವು ಮುಗಿಸುವವರೆಗೆ ಪ್ರತಿ ಹೆಜ್ಜೆಯಲ್ಲೂ ಕಾಯುತ್ತವೆ. 6 ದೊಡ್ಡ ಕೋರ್‌ಗಳಿಗೆ ಮಾತ್ರ ಕಟ್ಟಿಹಾಕಿ ಓಡಿಸಿದಾಗ ಕೆಲವು ಪ್ರೋಗ್ರಾಮ್‌ಗಳು 14ಕ್ಕಿಂತ ಬೇಗ ಮುಗಿಯುವುದುಂಟು. ಎಎಂಡಿಯ ರೈಜೆನ್ 9 7945ಎಚ್‌ಎಕ್ಸ್‌ನಲ್ಲಿ 16 ಕೋರ್‌ಗಳೂ ಒಂದೇ ಬಗೆಯವು, ಒಂದೇ ಆದೇಶದಲ್ಲಿ ಹಲವು ಸಂಖ್ಯೆಗಳ ಲೆಕ್ಕ ಮಾಡುವ ಎವಿಎಕ್ಸ್-512 ಇದೆ, 64 ಎಂಬಿ ಎಲ್3 ಕ್ಯಾಶ್ (ಚಿಪ್‌ನೊಳಗಿನ ವೇಗದ ಮೆಮೊರಿ) ಇದೆ. ಇಂಟೆಲ್ ತನ್ನ 12ನೇ ಪೀಳಿಗೆಯಿಂದ ಸಾಮಾನ್ಯ ಗ್ರಾಹಕರ ಚಿಪ್‌ಗಳಲ್ಲಿ ಎವಿಎಕ್ಸ್-512 ಕೊಡುತ್ತಿಲ್ಲ. ಸಿಪಿಯು ಮೇಲೆ ಸಮಾನ ಹಂಚಿಕೆಯ ಲೆಕ್ಕ ಓಡಿಸುವವರಿಗೆ, ಬೆಲೆ ಹತ್ತಿರವಿದ್ದರೆ, ಒಂದೇ ಬಗೆಯ ಕೋರ್‌ಗಳ ಯಂತ್ರವೇ ತಲೆನೋವು ಕಡಿಮೆ ಕೊಡುತ್ತದೆ.

ಹಂತ 5: ಗ್ರಾಫಿಕ್ಸ್ ಕಾರ್ಡ್ ನಿಮಗೆ ನಿಜಕ್ಕೂ ಬೇಕೇ?

ಆರ್‌ಟಿಎಕ್ಸ್ 4060 ಲ್ಯಾಪ್‌ಟಾಪ್ ಕಾರ್ಡ್‌ನ ಸಿಂಗಲ್ ಪ್ರಿಸಿಷನ್ (4 ಬೈಟ್ ಸಂಖ್ಯೆಗಳ) ಸಾಮರ್ಥ್ಯ ಪೂರ್ಣ ವೇಗದಲ್ಲಿ ಸುಮಾರು 14.6 ಟೆರಾಫ್ಲಾಪ್ (ಒಂದು ಟೆರಾಫ್ಲಾಪ್ ಎಂದರೆ ಸೆಕೆಂಡಿಗೆ ಒಂದು ಲಕ್ಷ ಕೋಟಿ ಕ್ರಿಯೆ). ಡಬಲ್ ಪ್ರಿಸಿಷನ್‌ಗೆ ಬಂದರೆ ಅದರ 64ರಲ್ಲಿ ಒಂದು ಪಾಲು: 0.23 ಟೆರಾಫ್ಲಾಪ್. ಮೇಲೆ ಲೆಕ್ಕ ಹಾಕಿದ 8 ಕೋರ್ ಪ್ರೊಸೆಸರ್‌ನ 0.51ಕ್ಕೆ ಅರ್ಧವೂ ಅಲ್ಲ. ಹೆಚ್ಚು ಬೆಲೆಯ ಜಿಫೋರ್ಸ್ ಕಾರ್ಡ್‌ಗಳಲ್ಲೂ ಇದೇ ಅನುಪಾತ. ಹಾಗಾಗಿ ಡಬಲ್‌ನಲ್ಲಿ ತುಂಬಿದ ಮ್ಯಾಟ್ರಿಕ್ಸ್ ಗುಣಿಸುವವರು ಗೇಮಿಂಗ್ ಕಾರ್ಡ್‌ಗೆ ಹಣ ಕೊಡುವುದರಲ್ಲಿ ಅರ್ಥವಿಲ್ಲ.

ಆದರೆ ವಿಷಯ ಅಲ್ಲಿಗೇ ಮುಗಿಯುವುದಿಲ್ಲ. ಅದೇ 4060ರ ಸ್ವಂತ ಮೆಮೊರಿ ಸೆಕೆಂಡಿಗೆ 256 ಜಿಬಿ ಸಾಗಿಸುತ್ತದೆ. ವಿರಳ ಮ್ಯಾಟ್ರಿಕ್ಸ್‌ನಂಥ, ಮೆಮೊರಿಗಾಗಿ ಕಾಯುವ ಕೆಲಸಕ್ಕೆ ಆ ವೇಗದಲ್ಲಿ ಬೇಕಾಗುವುದು 0.04 ಟೆರಾಫ್ಲಾಪ್ ಮಾತ್ರ. ಡಬಲ್ ಆದರೂ ಕಾರ್ಡ್ ಅದನ್ನು ಸುಲಭವಾಗಿ ಮಾಡುತ್ತದೆ, ಸಿಪಿಯುಗಿಂತ ಎರಡು ಮೂರು ಪಟ್ಟು ಬೇಗ. ಷರತ್ತು ಒಂದೇ, ಇಡೀ ಸಮಸ್ಯೆ 8 ಜಿಬಿಯೊಳಗೆ ಕೂರಬೇಕು. ಗ್ರೋಮ್ಯಾಕ್ಸ್‌ನಂಥ ಅಣುಗತಿಯ ಪ್ರೋಗ್ರಾಮ್‌ಗಳು ಮಿಶ್ರ ಪ್ರಿಸಿಷನ್‌ನಲ್ಲೇ ಬರೆದವು. ಅವಕ್ಕೆ ಸಾಧಾರಣ ಜಿಫೋರ್ಸ್ ಕಾರ್ಡ್ ಕೂಡ ದೊಡ್ಡ ವರ.

ನ್ಯೂರಲ್ ನೆಟ್‌ವರ್ಕ್ ಕಲಿಸುವವರು ಕಾರ್ಡ್‌ನ ಮೆಮೊರಿಯನ್ನೇ ಮೊದಲು ನೋಡಬೇಕು. ಆ್ಯಡಮ್ ಎಂಬ ಕಲಿಕೆಯ ವಿಧಾನದಲ್ಲಿ ಪ್ರತಿ ಪ್ಯಾರಾಮೀಟರ್‌ಗೆ ತೂಕ, ಗ್ರೇಡಿಯಂಟ್, ಎರಡು ಸರಾಸರಿಗಳು ಸೇರಿ 16 ಬೈಟ್. 50 ಕೋಟಿ ಪ್ಯಾರಾಮೀಟರ್‌ಗೆ 8 ಜಿಬಿ ಅಲ್ಲಿಗೇ ಮುಗಿಯಿತು, ನಡುವಿನ ಪದರಗಳ ಮೌಲ್ಯಗಳಿಗೆ ಜಾಗವೇ ಇಲ್ಲ. ಲ್ಯಾಪ್‌ಟಾಪ್‌ನ 4060, 4070, 5070 ಮೂರಕ್ಕೂ 8 ಜಿಬಿಯೇ. 5070 ಟಿಐಗೆ 12, 5080ಕ್ಕೆ 16, 5090ಕ್ಕೆ 24. ಡೆಸ್ಕ್‌ಟಾಪ್‌ನಲ್ಲಿ ಅದೇ ಸಂಖ್ಯೆಯ ಕಾರ್ಡ್ ಬೇರೆಯದೇ ಚಿಪ್ ಆಗಿರುವುದೂ ಉಂಟು, ಸಂಖ್ಯೆ ನೋಡಿ ಹೋಲಿಸಬೇಡಿ. ವ್ಯಾಟ್ ಮಿತಿಯನ್ನೂ ಕೇಳಿ: 4060 ಕಾರ್ಡನ್ನು 35ರಿಂದ 115 ವ್ಯಾಟ್‌ವರೆಗೆ ಎಲ್ಲಿ ಬೇಕಾದರೂ ಹೊಂದಿಸಿ ಮಾರುತ್ತಾರೆ.

ಕ್ಯುಡಾ (ಗ್ರಾಫಿಕ್ಸ್ ಕಾರ್ಡ್ ಮೇಲೆ ಲೆಕ್ಕ ಓಡಿಸುವ ಎನ್ವಿಡಿಯಾದ ವ್ಯವಸ್ಥೆ) ಬೇಕೆಂದರೆ ಎನ್ವಿಡಿಯಾ ಬಿಟ್ಟು ದಾರಿಯಿಲ್ಲ. ಮ್ಯಾಕ್‌ನಲ್ಲಿ ಕ್ಯುಡಾ ಓಡುವುದಿಲ್ಲ, ಅದರ ಬದಲಿಗಿರುವ ಆ್ಯಪಲ್‌ನ ಮೆಟಲ್‌ನಲ್ಲಿ ಡಬಲ್ ಪ್ರಿಸಿಷನ್ನೇ ಇಲ್ಲ. ಆದರೂ ಸಿಪಿಯು ಮೇಲೆ ಓಡುವ, ಮೆಮೊರಿಯ ವೇಗ ಬೇಡುವ ಕೆಲಸಕ್ಕೆ ಮ್ಯಾಕ್‌ಬುಕ್ ಪ್ರೊ ತುಂಬ ಒಳ್ಳೆಯ ಯಂತ್ರ. ಬ್ಯಾಟರಿಯ ಮೇಲೂ ಅದರ ವೇಗ ಹೆಚ್ಚು ಇಳಿಯುವುದಿಲ್ಲ. ಮ್ಯಾಕ್‌ಬುಕ್ ಏರ್‌ನಲ್ಲಿ ಫ್ಯಾನ್ ಇಲ್ಲ, ಈ ಕೆಲಸಕ್ಕೆ ಬೇಡ. ಮ್ಯಾಟ್‌ಲ್ಯಾಬ್ ಆ್ಯಪಲ್ ಚಿಪ್‌ಗೆ ನೇರವಾಗಿ ಬಂದಿದ್ದು 2023ರ ಎರಡನೇ ಆವೃತ್ತಿಯಿಂದ. ಆನ್ಸಿಸ್ ಫ್ಲೂಯೆಂಟ್ ಮ್ಯಾಕ್‌ಗೆ ಇಲ್ಲ. ಸ್ನಾಪ್‌ಡ್ರ್ಯಾಗನ್ ಚಿಪ್‌ನ ವಿಂಡೋಸ್ ಲ್ಯಾಪ್‌ಟಾಪ್ ಕಂಡು ಮರುಳಾಗುವ ಮೊದಲು ನಿಮ್ಮ ಪ್ರತಿಯೊಂದು ಪ್ರೋಗ್ರಾಮೂ ಆರ್ಮ್ ವಿಂಡೋಸ್‌ಗೆ ಸಿಗುತ್ತದೆಯೇ ನೋಡಿ. ವೈಜ್ಞಾನಿಕ ಪ್ರೋಗ್ರಾಮ್‌ಗಳಲ್ಲಿ ಬಹಳಷ್ಟಕ್ಕೆ ಉತ್ತರ ‘ಇಲ್ಲ’.

ಉಳಿದ ಭಾಗಗಳು

ಎಸ್‌ಎಸ್‌ಡಿ 1 ಟೆರಾಬೈಟ್‌ಗಿಂತ ಕಡಿಮೆ ಬೇಡ, ಎರಡನೇ ಎಂ.2 ಸ್ಲಾಟ್ ಇದ್ದರೆ ಒಳ್ಳೆಯದು. ನಡುನಡುವೆ ಭಾರಿ ಕಡತ ಬರೆಯುವವರು ಟಿಎಲ್‌ಸಿ (ಪ್ರತಿ ಕೋಶದಲ್ಲಿ 3 ಬಿಟ್) ಬಗೆಯದನ್ನೇ ಆರಿಸಿ. ಕ್ಯೂಎಲ್‌ಸಿ (4 ಬಿಟ್) ಬಗೆಯದು ಮೊದಲ ಕೆಲವು ಹತ್ತು ಜಿಬಿಗಳನ್ನು ಜೋರಾಗಿ ಬರೆದು, ಒಳಗಿನ ಕ್ಯಾಶ್ ತುಂಬಿದೊಡನೆ ಹಳೆಯ ಹಾರ್ಡ್‌ಡಿಸ್ಕ್‌ನ ಮಟ್ಟಕ್ಕೆ ಇಳಿಯಬಹುದು. 600 ಟೆರಾಬೈಟ್ ಬರೆಯುವ ಆಯುಷ್ಯ ಎಂಬ ಭರವಸೆ ದಿನಬಳಕೆಗೆ ಅಕ್ಷಯ ಪಾತ್ರೆಯಂತೆ ಕಂಡರೂ, ರಾತ್ರಿಗೆ 500 ಜಿಬಿ ಸ್ಕ್ರ್ಯಾಚ್ (ತಾತ್ಕಾಲಿಕ ಕಡತ) ಬರೆಯುವ ಕ್ವಾಂಟಮ್ ರಸಾಯನದ ಕೆಲಸಕ್ಕೆ ಅದು ಮೂರೂಕಾಲು ವರ್ಷ.

ಬ್ಯಾಟರಿ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ವಿಮಾನದ ನಿಯಮದಿಂದಾಗಿ 100 ವ್ಯಾಟ್-ಗಂಟೆಯ ಮೇಲೆ ಯಾರೂ ಹಾಕುವುದಿಲ್ಲ, ಭಾರಿ ಲೆಕ್ಕದಲ್ಲಿ ಅದು ಒಂದು ಗಂಟೆಯ ಆಸುಪಾಸಿಗೆ ಖಾಲಿ. ಕರೆಂಟು ಹೋದಾಗ ಲೆಕ್ಕ ಸಾಯದಂತೆ ಕಾಯುವುದಷ್ಟೇ ಅದರ ಕೆಲಸ, ಆಗ ವೇಗ ತಗ್ಗುವುದು ಸಹಜ. ದೊಡ್ಡ ಯಂತ್ರಗಳ 330 ವ್ಯಾಟ್ ಅಡಾಪ್ಟರ್ ಒಂದು ಕಿಲೋದ ಆಸುಪಾಸು ತೂಗುತ್ತದೆ. ಬ್ಯಾಗಿನ ತೂಕಕ್ಕೆ ಅದನ್ನೂ ಸೇರಿಸಿ.

ಕೊಳ್ಳುವ ಮೊದಲು ಒಂದು ಪ್ರಶ್ನೆ

ಲೆಕ್ಕ ಓಡುವುದು ಲ್ಯಾಪ್‌ಟಾಪ್‌ನಲ್ಲೇ ಆಗಬೇಕೇ? ನಿಮ್ಮ ಸಂಸ್ಥೆಯ ಕ್ಲಸ್ಟರ್‌ನಲ್ಲಿ (ಒಟ್ಟಿಗೆ ದುಡಿಯುವ ಕಂಪ್ಯೂಟರ್‌ಗಳ ಗುಂಪು) ಖಾತೆ ಇದ್ದರೆ ಆಯ್ಕೆ ಪೂರ್ತಿ ಬದಲಾಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನ್ಯಾಷನಲ್ ಸೂಪರ್‌ಕಂಪ್ಯೂಟಿಂಗ್ ಮಿಷನ್ ಅಡಿ 2022ರಲ್ಲಿ ಶುರುವಾದ ಪರಮ್ ಪ್ರವೇಗ 3.3 ಪೆಟಾಫ್ಲಾಪ್‌ನದು, ಜಕ್ಕೂರಿನ ಜವಾಹರಲಾಲ್ ನೆಹರು ಕೇಂದ್ರದಲ್ಲಿ ಪರಮ್ ಯುಕ್ತಿ ಇದೆ. ಇಂಥದ್ದು ಕೈಗೆಟಕುವವರಿಗೆ ಲ್ಯಾಪ್‌ಟಾಪ್ ಎಂದರೆ ಕೋಡ್ ಬರೆಯಲು, ಚಿಕ್ಕ ಕೇಸ್ ಓಡಿಸಿ ತಪ್ಪು ಹುಡುಕಲು, ಫಲಿತಾಂಶದ ಚಿತ್ರ ನೋಡಲು. 32 ಜಿಬಿ, ಒಳ್ಳೆಯ ಪರದೆ, ಒಳ್ಳೆಯ ಕೀಬೋರ್ಡ್, ಒಂದೂವರೆ ಕಿಲೋ ತೂಕದ ಯಂತ್ರ ಅವರಿಗೆ ಹೇಳಿ ಮಾಡಿಸಿದ್ದು. ಕ್ಲಸ್ಟರ್ ಇಲ್ಲದಿದ್ದರೂ ಓಡಾಟ ಕಡಿಮೆಯಿದ್ದರೆ, ಸಾಧಾರಣ ಲ್ಯಾಪ್‌ಟಾಪ್ ಜೊತೆ ಒಂದು ಡೆಸ್ಕ್‌ಟಾಪ್ ಇಟ್ಟು ಎಸ್‌ಎಸ್‌ಎಚ್ (ದೂರದಿಂದ ಲಾಗಿನ್) ಮೂಲಕ ಬಳಸುವುದು ಅದೇ ಹಣಕ್ಕೆ ಹೆಚ್ಚು ವೇಗ, ಹೆಚ್ಚು ಬಾಳಿಕೆ ಕೊಡುತ್ತದೆ. ಕ್ಷೇತ್ರಕಾರ್ಯಕ್ಕೆ ಹೋಗುವವರು, ಹಾಸ್ಟೆಲ್ ಬದಲಿಸುತ್ತಿರುವವರು, ಓದಲು ಹೊರದೇಶಕ್ಕೆ ಹೊರಟವರು ಮಾತ್ರ ಭಾರಿ ಲ್ಯಾಪ್‌ಟಾಪ್‌ಗೆ ಹೋಗುವುದು ನ್ಯಾಯ.

ಕಾಲೇಜಿನ ಮೂಲಕ ಸರ್ಕಾರಿ ಖರೀದಿಯ ಜೆಮ್ ಪೋರ್ಟಲ್‌ನಲ್ಲೋ ಟೆಂಡರ್‌ನಲ್ಲೋ ಕೊಳ್ಳುತ್ತಿದ್ದರೆ ಬರವಣಿಗೆಯಲ್ಲಿ ಜಾಗ್ರತೆ ಇರಲಿ. ‘32 ಜಿಬಿ ಡಿಡಿಆರ್5’ ಎಂದಷ್ಟೇ ಬರೆದರೆ ಒಂದೇ ಕಡ್ಡಿ ಬರುತ್ತದೆ, ಅದನ್ನು ತಿರಸ್ಕರಿಸಲೂ ಆಗದು. ‘16 ಜಿಬಿಯ ಎರಡು ಮಾಡ್ಯೂಲ್, ಡ್ಯುಯಲ್ ಚಾನೆಲ್, 5600 ವೇಗ, ಗ್ರಾಫಿಕ್ಸ್ ಕಾರ್ಡ್‌ಗೆ ಕನಿಷ್ಠ 100 ವ್ಯಾಟ್, ಟಿಎಲ್‌ಸಿ ಎಸ್‌ಎಸ್‌ಡಿ, ಮೂರು ವರ್ಷ ಸ್ಥಳಕ್ಕೇ ಬಂದು ಸರಿಪಡಿಸುವ ವಾರಂಟಿ’ ಎಂದು ಬಿಡಿಸಿ ಬರೆಯಿರಿ. ಬೆಲೆ ಹೋಲಿಸುವಾಗ 18% ಜಿಎಸ್‌ಟಿ ಸೇರಿದೆಯೇ ನೋಡಿಕೊಳ್ಳಿ.

ಯಂತ್ರ ಬಂದ ದಿನ

ಬದಲಿಸಿಕೊಡುವ ಗಡುವು ಆನ್‌ಲೈನ್‌ನಲ್ಲಿ ಕೆಲವೇ ದಿನ. ಪೆಟ್ಟಿಗೆ ಒಡೆಯುವಾಗ ವಿಡಿಯೋ ಮಾಡಿ, ಅವತ್ತೇ ಪರೀಕ್ಷೆ ಶುರುಮಾಡಿ. ಟಾಸ್ಕ್ ಮ್ಯಾನೇಜರ್‌ನ ಮೆಮೊರಿ ಪುಟದಲ್ಲಿ ಎರಡು ಸ್ಲಾಟ್‌ನಲ್ಲಿ ಎರಡೂ ಬಳಕೆಯಲ್ಲಿವೆಯೇ, ವೇಗ 5600 ಇದೆಯೇ ನೋಡಿ. ಆಮೇಲೆ ಉಬುಂಟು ಲಿನಕ್ಸ್ ಇರುವ ಪೆನ್‌ಡ್ರೈವ್‌ನಿಂದ ಯಂತ್ರ ಚಾಲೂ ಮಾಡಿ, ಡಿಸ್ಕ್ ಮುಟ್ಟದೆ, ಮೆಮೊರಿಯ ವೇಗ ಅಳೆಯುವ ಸ್ಟ್ರೀಮ್ ಎಂಬ ಪುಟ್ಟ ಪರೀಕ್ಷೆಯನ್ನು ಕಂಪೈಲ್ ಮಾಡಿ ಓಡಿಸಿ. ಅದರ ಅರೇ ಗಾತ್ರ ಕ್ಯಾಶ್‌ನ ನಾಲ್ಕು ಪಟ್ಟಾದರೂ ಇರಬೇಕು, ಇಲ್ಲದಿದ್ದರೆ ಕ್ಯಾಶ್‌ನ ವೇಗ ಬಂದು ಮೋಸವಾಗುತ್ತದೆ. ಡಿಡಿಆರ್5-5600 ಎರಡು ಕಡ್ಡಿಯ ಯಂತ್ರದಲ್ಲಿ ‘ಟ್ರಯಾಡ್’ ಸಾಲು 60 ಜಿಬಿ ಆಸುಪಾಸು ತೋರಿಸಿದರೆ ಸರಿ. 35ರ ಹತ್ತಿರ ನಿಂತರೆ ಎರಡನೇ ಕಡ್ಡಿ ಇಲ್ಲ, ಅಥವಾ ಸರಿಯಾಗಿ ಕೂತಿಲ್ಲ.

ಮುಂದೆ ಸ್ಟ್ರೆಸ್-ಎನ್‌ಜಿ ಬಳಸಿ ಎಲ್ಲ ಕೋರ್‌ಗಳನ್ನೂ 40 ನಿಮಿಷ ದುಡಿಸಿ, ಪಕ್ಕದ ಕಿಟಕಿಯಲ್ಲಿ ಟರ್ಬೊಸ್ಟ್ಯಾಟ್ ತೆರೆದು ಗಿಗಾಹರ್ಟ್ಸ್, ವ್ಯಾಟ್, ಉಷ್ಣತೆ ಮೂರನ್ನೂ ಗಮನಿಸಿ. ಮೊದಲ ಒಂದು ನಿಮಿಷ ಜೋರಾಗಿ ಓಡಿ ಆಮೇಲೆ ಇಳಿಯುವುದು ಸಹಜ. ಹತ್ತನೇ ನಿಮಿಷದ ನಂತರ ಸಂಖ್ಯೆ ಸ್ಥಿರವಾಗಬೇಕು. ವ್ಯಾಟ್ ಮೇಲೆ ಕೆಳಗೆ ಗರಗಸದಂತೆ ಏರಿಳಿದರೆ, ಅಥವಾ ಒಂದು ಕೋರ್ ಮಾತ್ರ ಉಳಿದವಕ್ಕಿಂತ 15 ಡಿಗ್ರಿ ಹೆಚ್ಚು ಕಾದರೆ ಹೀಟ್‌ಸಿಂಕ್ ಸರಿಯಾಗಿ ಕೂತಿಲ್ಲದಿರಬಹುದು, ಬದಲಿ ಕೇಳಿ. ಗ್ರಾಫಿಕ್ಸ್ ಕಾರ್ಡ್ ಇದ್ದರೆ ಎರಡನ್ನೂ ಒಟ್ಟಿಗೆ ದುಡಿಸಿ ನೋಡಿ. ಒಂದೇ ಕೊಳವೆ ಹಂಚಿಕೊಳ್ಳುವ ಯಂತ್ರಗಳಲ್ಲಿ ಆಗಲೇ ನಿಜಬಣ್ಣ ಕಾಣುವುದು. ಕೊನೆಗೆ ಹಂತ 1ರ ನಿಮ್ಮದೇ ಕೇಸ್ ಓಡಿಸಿ, ಹಳೆಯ ಸಮಯದ ಪಕ್ಕದಲ್ಲಿ ಹೊಸದನ್ನು ಬರೆದಿಡಿ.

ಲಿನಕ್ಸ್ ಹಾಕುವಾಗ, ದೀರ್ಘ ಲೆಕ್ಕ ಓಡಿಸುವಾಗ

ವಿಂಡೋಸ್ ಜೊತೆಗೆ ಲಿನಕ್ಸ್ ಹಾಕುವ ಮೊದಲು ಬಿಟ್‌ಲಾಕರ್ (ವಿಂಡೋಸ್‌ನ ಡಿಸ್ಕ್ ಬೀಗ) ಕೀಯನ್ನು ಬೇರೆ ಕಡೆ ಬರೆದಿಟ್ಟುಕೊಳ್ಳಿ. ಬಯಾಸ್‌ನಲ್ಲಿ ಏನಾದರೂ ಬದಲಿಸಿದರೆ ಅದು ಕೀ ಕೇಳಬಹುದು. ಇಂಟೆಲ್ ಯಂತ್ರದಲ್ಲಿ ಉಬುಂಟು ಇನ್‌ಸ್ಟಾಲರ್‌ಗೆ ಡಿಸ್ಕ್ ಕಾಣದಿದ್ದರೆ ಕಾರಣ ಸಾಮಾನ್ಯವಾಗಿ ಬಯಾಸ್‌ನ ವಿಎಂಡಿ (ಡಿಸ್ಕ್ ನಿಭಾಯಿಸುವ ಇಂಟೆಲ್ ವ್ಯವಸ್ಥೆ) ಆಯ್ಕೆ. ಅದನ್ನು ದಿಢೀರನೆ ಆಫ್ ಮಾಡಿದರೆ ವಿಂಡೋಸ್ ಏಳುವುದಿಲ್ಲ. ಮೊದಲು ವಿಂಡೋಸನ್ನು ಸೇಫ್ ಮೋಡ್‌ಗೆ ಹೊಂದಿಸಿ, ಬಯಾಸ್‌ನಲ್ಲಿ ವಿಎಂಡಿ ತೆಗೆದು, ಒಮ್ಮೆ ಸೇಫ್ ಮೋಡ್‌ನಲ್ಲಿ ಎದ್ದ ಮೇಲೆ ಮಾಮೂಲಿಗೆ ಮರಳಬೇಕು. ಸೆಕ್ಯೂರ್ ಬೂಟ್ ಚಾಲೂ ಇದ್ದರೆ ಎನ್ವಿಡಿಯಾ ಡ್ರೈವರ್ ಹಾಕುವಾಗ ಒಂದು ಗುಪ್ತಪದ ಕೇಳಿ, ಮುಂದಿನ ಬೂಟ್‌ನಲ್ಲಿ ನೀಲಿ ಪರದೆಯಲ್ಲಿ ಅದನ್ನೇ ಮತ್ತೆ ಕೇಳುತ್ತದೆ. ಆ ಪರದೆಯನ್ನು ದಾಟಿಸಿಬಿಟ್ಟರೆ ಡ್ರೈವರ್ ಲೋಡ್ ಆಗುವುದಿಲ್ಲ, ಕಾರ್ಡ್ ಇದ್ದೂ ಇಲ್ಲದಂತೆ. ವಿಂಡೋಸ್‌ನೊಳಗೇ ಲಿನಕ್ಸ್ ಓಡಿಸುವ ಡಬ್ಲ್ಯುಎಸ್‌ಎಲ್ 2 ಬಳಸುವವರಿಗೆ ಎರಡು ಮಾತು. ಅದು ತಾನಾಗಿ ರ‍್ಯಾಮ್‌ನ ಅರ್ಧವನ್ನು ಮಾತ್ರ ತೆಗೆದುಕೊಳ್ಳುತ್ತದೆ, ಹೊಂದಿಕೆಯ ಕಡತದಲ್ಲಿ ಹೆಚ್ಚಿಸಬೇಕು. ಕಡತಗಳನ್ನು ಸಿ ಡ್ರೈವ್‌ನಲ್ಲಿಟ್ಟು ಲಿನಕ್ಸ್ ಕಡೆಯಿಂದ ಓದಿದರೆ ತೀರ ನಿಧಾನ, ಲಿನಕ್ಸ್‌ನ ಹೋಮ್ ಫೋಲ್ಡರ್‌ನಲ್ಲೇ ಇಡಿ.

ಎಂಪಿಐ 8 ಪ್ರಕ್ರಿಯೆ ಶುರುಮಾಡಿ, ಪ್ರತಿಯೊಂದರೊಳಗೆ ಮ್ಯಾಟ್ರಿಕ್ಸ್ ಲೆಕ್ಕದ ಬ್ಲಾಸ್ ಲೈಬ್ರರಿ ತನ್ನ 8 ಥ್ರೆಡ್ (ಸಮಾಂತರ ಕೆಲಸದ ಎಳೆ) ಎಬ್ಬಿಸಿದರೆ 64 ಥ್ರೆಡ್‌ಗಳು 8 ಕೋರ್‌ಗಾಗಿ ಕಿತ್ತಾಡುತ್ತವೆ. ಕೋರ್‌ಗಳ ಬಳಕೆ ತೋರಿಸುವ ಎಚ್‌ಟಾಪ್‌ನಲ್ಲಿ ಎಲ್ಲ ಕೋರ್‌ಗಳೂ ನೂರಕ್ಕೆ ನೂರು ಕಾಣುತ್ತವೆ, ಕೆಲಸ ಮಾತ್ರ ಸಾಗುವುದಿಲ್ಲ. ಎಂಪಿಐ ಓಡಿಸುವಾಗ ಓಪನ್‌ಎಂಪಿ ಥ್ರೆಡ್ ಸಂಖ್ಯೆಯನ್ನು 1ಕ್ಕೆ ಕಟ್ಟುವುದು ರೂಢಿಯಾಗಲಿ. ದಿನಗಟ್ಟಲೆ ಓಡುವ ಕೆಲಸಕ್ಕೆ ಟರ್ಬೊ ಮಿತಿಯನ್ನು ಸ್ವಲ್ಪ ಇಳಿಸಿ. ವಿದ್ಯುತ್ ಬಳಕೆ ವೋಲ್ಟೇಜ್‌ನ ವರ್ಗದಂತೆ ಏರುವುದರಿಂದ ಕೊನೆಯ ಕೆಲವು ನೂರು ಮೆಗಾಹರ್ಟ್ಸ್‌ಗೆ ತೆರುವ ಶಾಖ ವಿಪರೀತ. ಮೆಮೊರಿಗಾಗಿ ಕಾಯುವ ಪ್ರೋಗ್ರಾಮಾದರೆ ಮಿತಿ ಇಳಿಸಿದ್ದು ಸಮಯದಲ್ಲಿ ಗೊತ್ತೇ ಆಗುವುದಿಲ್ಲ.

ಚಾರ್ಜ್ ಮಿತಿಯನ್ನು 80%ಕ್ಕೆ ಇಡಿ. ಸದಾ ಬಿಸಿಯಲ್ಲಿ 100% ತುಂಬಿಕೊಂಡಿರುವ ಬ್ಯಾಟರಿ ಬೇಗ ಉಬ್ಬುತ್ತದೆ. ಮುಚ್ಚಳ ಮುಚ್ಚಿದರೆ ನಿದ್ದೆಗೆ ಹೋಗದಂತೆ ಹೊಂದಿಸಿ, ಆದರೆ ಮುಚ್ಚಿ ಓಡಿಸಬೇಡಿ. ಕೀಬೋರ್ಡ್ ಸಂದಿಯಿಂದ ಗಾಳಿ ಎಳೆಯುವ ಯಂತ್ರಗಳು ಉಸಿರುಗಟ್ಟುತ್ತವೆ. ಹಿಂಬದಿಯನ್ನು ಎರಡು ಇಂಚು ಎತ್ತರಿಸಿದರೆ ಕೆಲವು ಡಿಗ್ರಿ ಪುಕ್ಕಟೆ ಇಳಿಯುತ್ತದೆ, ಹಾಸಿಗೆಯ ಮೇಲಿಟ್ಟರೆ ಅಷ್ಟೇ ಏರುತ್ತದೆ. ವಿಂಡೋಸ್ ಅಪ್‌ಡೇಟನ್ನು ಲೆಕ್ಕ ಮುಗಿಯುವವರೆಗೆ ತಡೆಹಿಡಿಯಿರಿ. ಚೆಕ್‌ಪಾಯಿಂಟ್ (ನಿಂತ ಲೆಕ್ಕವನ್ನು ಅಲ್ಲಿಂದಲೇ ಮುಂದುವರಿಸಲು ಬೇಕಾದ ಕಡತ) ಅರ್ಧ ಗಂಟೆಗೊಮ್ಮೆ ಬರೆಯುವಂತೆ ಹೊಂದಿಸಿ, ಹೊಸದು ಪೂರ್ತಿ ಬರೆದಾದ ಮೇಲಷ್ಟೇ ಹಳೆಯದನ್ನು ಅಳಿಸಿ. ಬರೆಯುತ್ತಿರುವಾಗಲೇ ಯಂತ್ರ ಆರಿದರೆ ಕೊನೆಯ ಎರಡರಲ್ಲಿ ಒಂದಾದರೂ ಓದಲು ಬರುವಂತಿರಬೇಕು. ಆರು ತಿಂಗಳಿಗೊಮ್ಮೆ ಫ್ಯಾನ್ ದೂಳು ತೆಗೆಸಿ, 40 ನಿಮಿಷದ ಅದೇ ಪರೀಕ್ಷೆ ಮತ್ತೆ ಮಾಡಿ. ಮೊದಲ ದಿನ ಬರೆದಿಟ್ಟ ವ್ಯಾಟ್‌ಗಿಂತ ಐದರಲ್ಲಿ ಒಂದು ಪಾಲು ಕೆಳಗಿಳಿದಿದ್ದರೆ ಥರ್ಮಲ್ ಪೇಸ್ಟ್ ಬದಲಿಸುವ ಹೊತ್ತು ಬಂದಿದೆ.